ಹಳೇ ಕಾರಿನ ಟೈಮಿಂಗ್ ಬೆಲ್ಟ್: ಯಾವಾಗ ಬದಲಿಸಬೇಕು, ಕೆಲಸ ಹೇಗೆ ಮಾಡಿಸಬೇಕು

ಹಳೇ ಕಾರು ಇಟ್ಟುಕೊಂಡವರು ಆಯಿಲ್ ಬದಲಿಸುತ್ತಾರೆ, ಬ್ರೇಕ್ ನೋಡಿಸುತ್ತಾರೆ, ಟೈರ್ ಸವೆದರೆ ಹೊಸದು ಹಾಕಿಸುತ್ತಾರೆ. ಟೈಮಿಂಗ್ ಬೆಲ್ಟ್ ಮಾತ್ರ ಮರೆತುಹೋಗುತ್ತದೆ. ಅದು ಕವರ್ ಒಳಗೆ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಕೆಡುವ ಮೊದಲು ಹೇಳುವುದೂ ಕಡಿಮೆ. ಒಂದು ದಿನ ಕಟ್ ಆಗುತ್ತದೆ, ಅಷ್ಟೇ. ಅದೃಷ್ಟ ಚೆನ್ನಾಗಿದ್ದರೆ ಟೋಯಿಂಗ್ ಮತ್ತು ಹೊಸ ಬೆಲ್ಟಿನ ಖರ್ಚಿನಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ಹೆಡ್ (ಇಂಜಿನ್‌ನ ಮೇಲ್ಭಾಗ) ಇಳಿಸಿ ವಾಲ್ವ್‌ಗಳನ್ನು ಬದಲಿಸಬೇಕು. ಹಳೇ ಗಾಡಿಯಲ್ಲಿ ಆ ಬಿಲ್ಲು ಕೆಲವೊಮ್ಮೆ ಗಾಡಿಯ ಬೆಲೆಗೇ ಹತ್ತಿರ ಬರುತ್ತದೆ.

ಯಾವಾಗ ಬದಲಿಸಬೇಕು ಅಂತ ಕೇಳಿದರೆ ಹೆಚ್ಚಿನವರು ಕಿಲೋಮೀಟರ್ ಲೆಕ್ಕ ಹೇಳುತ್ತಾರೆ. "ಲಕ್ಷಕ್ಕೆ ಹಾಕ್ಸಿದ್ರೆ ಆಯ್ತು ಸಾರ್." ಹೊಸ ಕಾರಿಗೆ ಆ ಮಾತು ಸಾಕು. ಹಳೇ ಕಾರಿಗೆ ಸಾಲದು. ಹದಿನೈದು ವರ್ಷದ ಮಾರುತಿ 800 ಅಥವಾ ಸ್ಯಾಂಟ್ರೊ ಎಷ್ಟೋ ಮನೆಗಳಲ್ಲಿ ಐವತ್ತು ಅರವತ್ತು ಸಾವಿರ ಮಾತ್ರ ಓಡಿರುತ್ತದೆ. ಲಕ್ಷ ಮುಟ್ಟುವುದಕ್ಕೆ ಇನ್ನೂ ಹತ್ತು ವರ್ಷ ಬೇಕು. ಅಷ್ಟರಲ್ಲಿ ಬೆಲ್ಟಿನ ರಬ್ಬರ್ ಸತ್ತೇ ಹೋಗಿರುತ್ತದೆ. ಹಾಗಾಗಿ ಈ ಮಾರ್ಗದರ್ಶಿ ಉದ್ದಕ್ಕೂ ನಾನು ಒತ್ತಿ ಹೇಳುವುದು ಇದನ್ನೇ: ಹಳೇ ಕಾರಿನಲ್ಲಿ ಮೊದಲು ವರ್ಷ ಎಣಿಸಿ, ಆಮೇಲೆ ಕಿಲೋಮೀಟರ್ ನೋಡಿ.

ಬೆಲ್ಟ್ ಮಾಡುವ ಕೆಲಸ ಏನು

ಇಂಜಿನ್ ಕೆಳಗೆ ಕ್ರ್ಯಾಂಕ್‌ಶಾಫ್ಟ್, ಮೇಲೆ ಕ್ಯಾಮ್‌ಶಾಫ್ಟ್. ಪಿಸ್ಟನ್‌ಗಳು ಕ್ರ್ಯಾಂಕ್‌ಗೆ ಸೇರಿವೆ, ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್‌ಗಳನ್ನು ತೆರೆಯುವುದು ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಈ ಎರಡನ್ನೂ ಜೋಡಿಸಿ ಹಿಡಿದಿರುವುದು ಹಲ್ಲುಗಳಿರುವ ರಬ್ಬರ್ ಬೆಲ್ಟ್. ಒಳಗೆ ಫೈಬರ್ ಗ್ಲಾಸ್ ದಾರಗಳು, ಹಲ್ಲಿನ ಮೇಲೆ ನೈಲಾನ್ ಬಟ್ಟೆಯ ಹೊದಿಕೆ, ಉಳಿದದ್ದೆಲ್ಲ ರಬ್ಬರ್. ಇಂಜಿನ್ 2,400 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಕ್ರ್ಯಾಂಕ್ 2,400 ಸುತ್ತು) ಓಡುವಾಗ ಕ್ಯಾಮ್ ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ವಾಲ್ವ್ ಸ್ಪ್ರಿಂಗ್‌ಗಳ ಒತ್ತಡ ಬೆಲ್ಟಿನ ಹಲ್ಲುಗಳ ಮೇಲೆ ಬೀಳುತ್ತದೆ.

ಕೆಲವು ಇಂಜಿನ್‌ಗಳಲ್ಲಿ ವಾಲ್ವ್ ಪೂರ್ತಿ ತೆರೆದು ನಿಂತರೂ ಪಿಸ್ಟನ್ ಅದಕ್ಕೆ ತಾಗುವುದಿಲ್ಲ. ಬೆಲ್ಟ್ ಕಟ್ ಆದರೆ ಇಂಜಿನ್ ನಿಲ್ಲುತ್ತದೆ, ಬೇರೇನೂ ಆಗುವುದಿಲ್ಲ. ಇನ್ನು ಕೆಲವುದರಲ್ಲಿ ಇಬ್ಬರಿಗೂ ಒಂದೇ ಜಾಗ, ಬೇರೆ ಬೇರೆ ಹೊತ್ತಿನಲ್ಲಿ. ಬೆಲ್ಟ್ ಹೋದರೆ ತೆರೆದ ವಾಲ್ವ್‌ಗೆ ಪಿಸ್ಟನ್ ಬಂದು ಹೊಡೆಯುತ್ತದೆ, ವಾಲ್ವ್ ಬೆಂಡ್ ಆಗುತ್ತದೆ. ಡೀಸೆಲ್ ಇಂಜಿನ್‌ನಲ್ಲಿ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತುವ ಪ್ರಮಾಣ) ಜಾಸ್ತಿ, ಒಳಗೆ ಜಾಗ ಕಡಿಮೆ. ಅದಕ್ಕೇ ಬೆಲ್ಟ್ ಇರುವ ಡೀಸೆಲ್ ಕಾರಿದ್ದರೆ ಎರಡನೇ ಗುಂಪು ಅಂತಲೇ ತಿಳಿದು ನಡೆಯಿರಿ. ಪೆಟ್ರೋಲ್ ಆದರೆ ಆ ಇಂಜಿನ್ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್‌ನ ಕೇಳಿ. ಖಚಿತ ಉತ್ತರ ಸಿಗದಿದ್ದರೆ ಅದನ್ನೂ ಎರಡನೇ ಗುಂಪಿಗೇ ಸೇರಿಸಿ.

ಹಂತ 1: ನಿಮ್ಮ ಕಾರಿನಲ್ಲಿ ಬೆಲ್ಟ್ ಇದೆಯಾ, ಚೈನ್ ಇದೆಯಾ

ಎಲ್ಲಾ ಕಾರಲ್ಲೂ ಟೈಮಿಂಗ್ ಬೆಲ್ಟ್ ಇರುವುದಿಲ್ಲ, ಕೆಲವುದರಲ್ಲಿ ಅದೇ ಕೆಲಸವನ್ನು ಲೋಹದ ಚೈನ್ ಮಾಡುತ್ತದೆ. ನಮ್ಮ ರಸ್ತೆಗಳಲ್ಲಿ ಇನ್ನೂ ಕಾಣುವ ಹಳೇ ಗಾಡಿಗಳಲ್ಲಿ ಬೆಲ್ಟ್ ಇರುವವು ಇವು: ಮಾರುತಿ 800, ಓಮ್ನಿ, ಹಳೇ 800 ಸಿಸಿ ಆಲ್ಟೊ, ಝೆನ್, ಎಸ್ಟೀಮ್, ಜಿಪ್ಸಿ, ಮೊದಲ ತಲೆಮಾರಿನ ವ್ಯಾಗನ್ ಆರ್, ಝೆನ್ ಎಸ್ಟಿಲೊದ 1.1 ಲೀಟರ್ ಇಂಜಿನ್, 1.3 ಪೆಟ್ರೋಲಿನ ಹಳೇ ಸ್ವಿಫ್ಟ್. ಹ್ಯುಂಡೈನಲ್ಲಿ ಸ್ಯಾಂಟ್ರೊ ಮತ್ತು ಐ10ರ 1.1 ಲೀಟರ್ ಇಂಜಿನ್. 2003ಕ್ಕಿಂತ ಹಿಂದಿನ ಹೋಂಡಾ ಸಿಟಿ. ಟಾಟಾ ಇಂಡಿಕಾ, ಇಂಡಿಗೊದ ಹಳೇ 1.4 ಡೀಸೆಲ್. ಫಿಯೆಟ್ ಪಾಲಿಯೊ 1.2. ಫೋರ್ಡ್ ಫಿಗೊದ 1.4 ಡೀಸೆಲ್. ರೆನೊದ 1.5 ಡಿಸಿಐ ಡೀಸೆಲ್ ಇಂಜಿನ್ ಇರುವ ಲೋಗನ್, ಡಸ್ಟರ್, ನಿಸಾನ್ ಸನ್ನಿ. ಫೋಕ್ಸ್‌ವ್ಯಾಗನ್ ಪೋಲೊ, ವೆಂಟೊ ಡೀಸೆಲ್, ಸ್ಕೋಡಾ ಆಕ್ಟೇವಿಯಾದ 1.9 ಡೀಸೆಲ್. ಬಿಡದಿಯಲ್ಲಿ ತಯಾರಾದ ಟೊಯೋಟಾ ಕ್ವಾಲಿಸ್ ಮತ್ತು ಮೊದಲ ಇನ್ನೋವಾ ಡೀಸೆಲ್‌ಗಳೂ ಇದೇ ಸಾಲಿನಲ್ಲಿ ಬರುತ್ತವೆ.

ಚೈನ್ ಇರುವವು: ಮಾರುತಿಯ ಕೆ ಸೀರೀಸ್ ಇಂಜಿನ್‌ಗಳು, ಸ್ವಿಫ್ಟ್ ಡಿಸೈರ್ ಡೀಸೆಲ್‌ನ 1.3 ಲೀಟರ್ ಇಂಜಿನ್, ಹ್ಯುಂಡೈನ 1.2 ಕಪ್ಪಾ, 2003ರ ನಂತರದ ಹೋಂಡಾ ಸಿಟಿ. ಚೈನ್‌ಗೆ ಹೀಗೆ ವಾಯಿದೆ ಇಲ್ಲ, ಆದರೆ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಬೇಕು.

ಒಂದು ಎಚ್ಚರಿಕೆ. ಮಾಡೆಲ್ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಐ10ರಲ್ಲಿ 1.1ಕ್ಕೆ ಬೆಲ್ಟ್, 1.2ಕ್ಕೆ ಚೈನ್. ಆಲ್ಟೊದಲ್ಲಿ 800 ಸಿಸಿಗೆ ಬೆಲ್ಟ್, ಕೆ10ಗೆ ಚೈನ್. ನೋಡಬೇಕಾದದ್ದು ಇಂಜಿನ್. ಬಾನೆಟ್ ಎತ್ತಿ ನೋಡಿದಾಗ ಇಂಜಿನ್ ಪಕ್ಕದಲ್ಲಿ ಪ್ಲಾಸ್ಟಿಕ್ ಅಥವಾ ತೆಳು ತಗಡಿನ ಕವರ್ ಇದ್ದರೆ ಬಹುಪಾಲು ಬೆಲ್ಟ್. ಸೀಲ್ ಹಾಕಿ ಮುಚ್ಚಿದ ದಪ್ಪ ಅಲ್ಯೂಮಿನಿಯಂ ಕವರ್ ಇದ್ದರೆ ಬಹುಪಾಲು ಚೈನ್. ಆಲ್ಟರ್ನೇಟರ್ ತಿರುಗಿಸುವ ಹೊರಗಿನ ಬೆಲ್ಟನ್ನು ಟೈಮಿಂಗ್ ಬೆಲ್ಟ್ ಅಂದುಕೊಳ್ಳುವವರೂ ಇದ್ದಾರೆ. ಅದು ಬೇರೆ, ಇದು ಬೇರೆ. "ಬೆಲ್ಟ್ ಹೋದ್ವರ್ಷ ಹಾಕ್ಸಿದೀನಿ" ಅಂತ ಯಾರಾದರೂ ಹೇಳಿದರೆ ಯಾವ ಬೆಲ್ಟ್ ಅಂತ ಕೇಳಿ.

ಹಂತ 2: ಕೊನೆಯ ಸಲ ಯಾವಾಗ ಬದಲಾಗಿದೆ ಅಂತ ಹುಡುಕಿ

ಸರ್ವೀಸ್ ಬುಕ್, ಹಳೇ ಬಿಲ್ಲುಗಳು, ಡ್ಯಾಶ್‌ಬೋರ್ಡ್ ಡ್ರಾಯರ್‌ನಲ್ಲಿ ಮಡಚಿಟ್ಟ ಚೀಟಿಗಳು, ಎಲ್ಲವನ್ನೂ ತೆಗೆಯಿರಿ. ಕೆಲವು ಗ್ಯಾರೇಜಿನವರು ಟೈಮಿಂಗ್ ಕವರ್ ಮೇಲೋ ಬಾನೆಟ್ ಒಳಗೋ ಒಂದು ಸ್ಟಿಕ್ಕರ್ ಅಂಟಿಸಿ ತಾರೀಖು, ಕಿಲೋಮೀಟರ್ ಬರೆದಿರುತ್ತಾರೆ. ಅದನ್ನೂ ನೋಡಿ. ಕಂಪನಿ ಸರ್ವೀಸ್ ಸೆಂಟರ್‌ನಲ್ಲೇ ಕೆಲಸ ಆಗುತ್ತಿದ್ದರೆ ರಿಜಿಸ್ಟ್ರೇಷನ್ ನಂಬರ್ ಕೊಟ್ಟು ಹಳೇ ಜಾಬ್ ಕಾರ್ಡ್‌ಗಳ ವಿವರ ಕೇಳಬಹುದು.

ಬಿಲ್ಲು ಸಿಕ್ಕರೆ ಬೆಲ್ಟ್ ಒಂದೇ ಬರೆದಿದೆಯೋ, ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಪುಲ್ಲಿ) ಕೂಡ ಇದೆಯೋ ಗಮನಿಸಿ.

ಸೆಕೆಂಡ್ ಹ್ಯಾಂಡ್ ಕಾರಾದರೆ ಮೀಟರ್ ಹೇಳುವುದನ್ನು ಪೂರ್ತಿ ನಂಬಬೇಡಿ. ಮೀಟರ್ ಹಿಂದಕ್ಕೆ ತಿರುಗಿಸಿ ಮಾರುವುದು ನಮ್ಮಲ್ಲಿ ಹೊಸದಲ್ಲ. "ಹಿಂದಿನ ಓನರ್ ಮಾಡ್ಸಿದ್ರಂತೆ" ಅನ್ನುವುದು ದಾಖಲೆ ಅಲ್ಲ. ಕಾಗದ ಇಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲ ಅಂತಲೇ ಲೆಕ್ಕ ಹಾಕಿ, ಕಾರು ತಂದ ಕೂಡಲೇ ಬದಲಿಸಿ. ಇದಕ್ಕೆ ವಿನಾಯಿತಿ ಇಲ್ಲ. ಸೀಟ್ ಕವರ್, ಮ್ಯೂಸಿಕ್ ಸಿಸ್ಟಂ, ಅಲಾಯ್ ಎಲ್ಲಾ ಆಮೇಲೆ.

ಹಂತ 3: ವಾಯಿದೆ ಲೆಕ್ಕ ಹಾಕಿ

ಮೊದಲು ಓನರ್ಸ್ ಮ್ಯಾನುಯಲ್. ಅದರಲ್ಲಿ ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು ಅಂತ ಇರುತ್ತದೆ. ಕೆಲವುದರಲ್ಲಿ ಎಷ್ಟು ವರ್ಷ ಅಂತಲೂ ಇರುತ್ತದೆ. ಹಳೇ ಇಂಜಿನ್‌ಗಳಿಗೆ ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರ್ ನಡುವಿನ ಯಾವುದಾದರೂ ಒಂದು ಅಂಕಿ ಕಾಣುತ್ತದೆ. ಕಿಲೋಮೀಟರ್, ವರ್ಷ, ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ವಾಯಿದೆ.

ಮ್ಯಾನುಯಲ್ ಇಲ್ಲ, ಅಥವಾ ಅದರಲ್ಲಿ ವರ್ಷದ ಮಾತೇ ಇಲ್ಲ ಅಂತಾದರೆ ನನ್ನ ಸಲಹೆ 5 ವರ್ಷ. ಕೆಲವು ಮೆಕ್ಯಾನಿಕ್‌ಗಳು ಇದು ಜಾಸ್ತಿ ಎಚ್ಚರಿಕೆ ಅನ್ನಬಹುದು. ಹದಿನೈದು ವರ್ಷದ ಗಾಡಿಗೆ ನಮ್ಮ ಬಿಸಿಲು, ಟ್ರಾಫಿಕ್, ಧೂಳು ಮೂರೂ ಸೇರಿದಾಗ ಇಷ್ಟು ಎಚ್ಚರಿಕೆ ಬೇಕು ಅಂತಲೇ ನಾನು ನಂಬಿದ್ದೇನೆ. ಬೆಲ್ಟಿನ ಕೆಲಸ ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತದೆ. ಹೆಡ್ ಇಳಿಸಿದರೆ ಹತ್ತಾರು ಸಾವಿರ.

ರಬ್ಬರ್‌ಗೆ ಓಟದಷ್ಟೇ ವಯಸ್ಸೂ ಶತ್ರು. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದ ರಬ್ಬರ್ ಬ್ಯಾಂಡ್ ಎಳೆದ ಕೂಡಲೇ ಪುಡಿಯಾಗುತ್ತದಲ್ಲ, ಯಾರೂ ಅದನ್ನು ಬಳಸಿ ಸವೆಸಿರುವುದಿಲ್ಲ. ಮಾರುತಿ 800 ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಫ್ಯಾಕ್ಟರಿಯಿಂದ ಹೊರಬಂದ ಕೊನೆಯ 800ಕ್ಕೂ ಈಗ ಹತ್ತು ವರ್ಷ ದಾಟಿದೆ. ಅದರಲ್ಲಿ ಇನ್ನೂ ಮೂಲ ಬೆಲ್ಟೇ ಇದ್ದರೆ ಮೀಟರ್‌ನಲ್ಲಿ 30,000 ತೋರಿಸಿದರೂ ಅದರ ಕಾಲ ಮುಗಿದಿದೆ.

ಊರಲ್ಲಿ ನಿಲ್ಲಿಸಿಟ್ಟ ಕಾರಿನದೂ ಇದೇ ಕಥೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ, ಅಪ್ಪ ತಿಂಗಳಿಗೊಂದು ಸಲ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಾರೆ. ಬೆಲ್ಟ್ ಸಣ್ಣ ಪುಲ್ಲಿಗಳ ಸುತ್ತ ಒಂದೇ ಭಂಗಿಯಲ್ಲಿ ಬಾಗಿ ಕೂತಿರುತ್ತದೆ, ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಇಲಿ, ಹೆಗ್ಗಣಗಳ ಕಾಟ ಬೇರೆ. ಕವರ್ ಒಡೆದಿದ್ದರೆ ಒಳಗೆ ನುಗ್ಗಿ ಬೆಲ್ಟನ್ನೂ ಕಡಿಯುತ್ತವೆ. ಅಂಥ ಕಾರನ್ನು ದೂರದ ಊರಿಗೆ ಓಡಿಸಿಕೊಂಡು ಬರುವ ಮೊದಲು ಅಲ್ಲೇ ಬೆಲ್ಟ್ ಬದಲಿಸಿ.

ಸಿಟಿ ಕಾರುಗಳಿಗೆ ಇನ್ನೊಂದು ಲೆಕ್ಕ ಇದೆ. ಮೀಟರ್ ಎಣಿಸುವುದು ಚಕ್ರದ ಓಟವನ್ನು. ಬೆಲ್ಟ್ ತಿರುಗುವುದು ಇಂಜಿನ್ ಓಡಿದಷ್ಟು ಹೊತ್ತೂ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ದಿನಾ ಓಡಾಡುವ ಕಾರಿನ ಸರಾಸರಿ ವೇಗ ಗಂಟೆಗೆ 15 ಕಿಲೋಮೀಟರ್ ಅಂದುಕೊಳ್ಳಿ. 40,000 ಕಿಲೋಮೀಟರ್ ಆಗುವಷ್ಟರಲ್ಲಿ ಇಂಜಿನ್ 2,600 ಗಂಟೆಗೂ ಮೀರಿ ಓಡಿರುತ್ತದೆ. ಹೈವೇಯಲ್ಲಿ ಗಂಟೆಗೆ 60ರ ಸರಾಸರಿಯಲ್ಲಿ 1,00,000 ಕಿಲೋಮೀಟರ್ ಓಡಿದ ಕಾರಿನ ಇಂಜಿನ್ ಓಡಿದ್ದು 1,700 ಗಂಟೆಯ ಒಳಗೆ. ಐಡ್ಲಿಂಗ್‌ನಲ್ಲಿ ಸುತ್ತು ಕಡಿಮೆ ನಿಜ. ಆದರೆ ನಿಂತ ಗಾಡಿಯ ಬಾನೆಟ್ ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ, ಬೆಲ್ಟ್ ಆ ಬಿಸಿಯಲ್ಲೇ ಬೇಯುತ್ತಿರುತ್ತದೆ. ಹಾಗಾಗಿ ಟ್ರಾಫಿಕ್‌ನಲ್ಲೇ ಬದುಕುವ ಕಾರಿಗೆ ಮ್ಯಾನುಯಲ್ ಹೇಳಿದ ಕಿಲೋಮೀಟರ್‌ಗಿಂತ ಕಾಲು ಭಾಗ ಮೊದಲೇ ಬದಲಿಸುವುದು ಒಳ್ಳೆಯದು.

ಟೊಯೋಟಾದ ಹಳೇ ಡೀಸೆಲ್ ಗಾಡಿ ಇರುವವರಿಗೆ ಒಂದು ಮಾತು. ಮೀಟರ್‌ನಲ್ಲಿ 'ಟಿ-ಬೆಲ್ಟ್' ಅನ್ನುವ ಲೈಟ್ ಇರುತ್ತದೆ. ಅದು ಬೆಲ್ಟನ್ನು ನೋಡಿ ಹೇಳುತ್ತಿಲ್ಲ, ಕಿಲೋಮೀಟರ್ ಎಣಿಸುತ್ತಿದೆ ಅಷ್ಟೇ. ವರ್ಷ ಅದಕ್ಕೆ ಗೊತ್ತಿಲ್ಲ. ಬೆಲ್ಟ್ ಹಾಕದೆ ಲೈಟ್ ಮಾತ್ರ ರೀಸೆಟ್ ಮಾಡಲೂಬಹುದು. ಲೈಟ್ ಬಂದರೆ ಬದಲಿಸಿ, ಬರಲಿಲ್ಲ ಅಂತ ನಿಶ್ಚಿಂತೆಯಾಗಿ ಕೂರಬೇಡಿ.

ಹಂತ 4: ಕವರ್ ತೆಗೆದು ನೋಡಿ

ವಾಯಿದೆ ಮುಗಿದಿದ್ದರೆ ಈ ಹಂತ ಬೇಕಿಲ್ಲ, ನೇರವಾಗಿ ಬದಲಿಸಿ. ವಾಯಿದೆ ಇನ್ನೂ ಇದೆ, ಆದರೂ ಅನುಮಾನ ಇದೆ ಅಂದರೆ ನೋಡಬೇಕು.

ಇಂಜಿನ್ ತಣ್ಣಗಿರಲಿ. ಕೀ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಮೇಲಿನ ಕವರ್‌ಗೆ ಕೆಲವು 10 ನಂಬರ್ ಬೋಲ್ಟ್ ಅಥವಾ ಕ್ಲಿಪ್‌ಗಳಿರುತ್ತವೆ. ಬಿಚ್ಚಿ ಕವರ್ ಸ್ವಲ್ಪ ಸರಿಸಿದರೆ ಕ್ಯಾಮ್ ಪುಲ್ಲಿಯೂ ಬೆಲ್ಟಿನ ಒಂದು ಭಾಗವೂ ಕಾಣುತ್ತವೆ. ಒಳ್ಳೆಯ ಟಾರ್ಚ್ ಬೇಕು.

ಮೊದಲು ಬೆಲ್ಟಿನ ಬೆನ್ನು ಮುಟ್ಟಿ. ಆರೋಗ್ಯವಾದ ಬೆಲ್ಟ್ ಮಂಕು ಕಪ್ಪಾಗಿರುತ್ತದೆ, ಉಗುರಿನಿಂದ ಒತ್ತಿದರೆ ಸಣ್ಣಗೆ ಗುರುತು ಬೀಳುತ್ತದೆ. ಮುದಿಯಾದ ಬೆಲ್ಟಿನ ಬೆನ್ನು ಹೊಳೆಯುತ್ತದೆ, ಉಗುರು ಒತ್ತಿದರೂ ಗುರುತು ಬೀಳುವುದಿಲ್ಲ, ಕೈಗೆ ಪ್ಲಾಸ್ಟಿಕ್ ಮುಟ್ಟಿದ ಹಾಗೆ ಅನಿಸುತ್ತದೆ. ಈ ಒಂದು ಪರೀಕ್ಷೆಗೆ ಅರ್ಧ ನಿಮಿಷ ಸಾಕು.

ಆಮೇಲೆ ಅಂಚು. ಒಂದು ಕಡೆಯ ಅಂಚಿನಲ್ಲಿ ದಾರ ಎದ್ದು ಬಂದಿದ್ದರೆ ಬೆಲ್ಟ್ ಸರಿಯಾಗಿ ಸಾಲಿನಲ್ಲಿ ಓಡುತ್ತಿಲ್ಲ. ಅಲ್ಲಿ ದೂರು ಇರುವುದು ಬೆಲ್ಟಿನದಲ್ಲ, ಟೆನ್ಷನರ್ ಬೇರಿಂಗಿನದು ಅಥವಾ ಪುಲ್ಲಿಯದು. ಹೊಸ ಬೆಲ್ಟ್ ಹಾಕಿದರೂ ಅದೇ ಗತಿ ಆಗುತ್ತದೆ.

ಹಲ್ಲುಗಳ ಬುಡದಲ್ಲಿ ಬಿರುಕು, ಮೇಲಿನ ಬಟ್ಟೆ ಸವೆದು ರಬ್ಬರ್ ಕಾಣುವುದು, ಒಂದಾದರೂ ಹಲ್ಲು ಮುರಿದಿರುವುದು, ಇವುಗಳಲ್ಲಿ ಯಾವುದು ಕಂಡರೂ ಗಾಡಿ ಅಲ್ಲಿಂದ ಮುಂದೆ ಓಡಿಸಬಾರದು. ಕಾಣುವುದು ಬೆಲ್ಟಿನ ಒಂದು ತುಂಡು ಮಾತ್ರ. ಪೂರ್ತಿ ನೋಡಬೇಕಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಇಂಜಿನ್ ಯಾವ ಕಡೆ ಓಡುತ್ತದೋ ಅದೇ ಕಡೆಗೆ ನಿಧಾನವಾಗಿ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಬೇಡಿ, ಹಲ್ಲು ಹಾರುವ, ಅಂದರೆ ಬೆಲ್ಟ್ ಪುಲ್ಲಿಯ ಮೇಲೆ ಒಂದು ಹಲ್ಲು ಆಚೀಚೆ ಜಾರಿ ಕೂರುವ ಅಪಾಯ ಇರುತ್ತದೆ.

ಕೊನೆಗೆ ಕವರಿನ ಒಳಬದಿ ಬೆರಳು ಆಡಿಸಿ. ಒಣ ಕಪ್ಪು ಪುಡಿ ಸ್ವಲ್ಪ ಇದ್ದರೆ ಸಹಜ. ಅಂಟಂಟಾದ ಕಪ್ಪು ಜಿಡ್ಡು ಬಂದರೆ ಎಲ್ಲೋ ಆಯಿಲ್ ಸೋರುತ್ತಿದೆ: ಕ್ಯಾಮ್ ಸೀಲ್, ಕ್ರ್ಯಾಂಕ್ ಸೀಲ್ ಅಥವಾ ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್. ಆಯಿಲ್ ತಾಗಿದ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ, ಹಲ್ಲುಗಳ ಹಿಡಿತ ಸಡಿಲವಾಗುತ್ತದೆ. ಒರೆಸಿ ಮುಂದುವರಿಸುವ ಹಾಗಿಲ್ಲ. ಸೋರಿಕೆ ಸರಿಮಾಡಿ, ಬೆಲ್ಟ್ ಹೊಸದು ಹಾಕಬೇಕು. ಆ ಬೆಲ್ಟ್ ಹೋದ ವರ್ಷ ಹಾಕಿದ್ದಾದರೂ ಅಷ್ಟೇ. ಕೂಲೆಂಟ್ ಸೋರಿ ತಾಗಿದ್ದರೂ ಇದೇ ನಿಯಮ.

ಇಷ್ಟೆಲ್ಲ ನೋಡಿ ಏನೂ ಕಾಣಲಿಲ್ಲ ಅಂದರೆ ಬೆಲ್ಟ್ ಚೆನ್ನಾಗಿದೆ ಅಂತ ಅರ್ಥವಾ? ಇಲ್ಲ. ಇದನ್ನು ಸ್ಪಷ್ಟವಾಗಿ ತಿಳಿಯಬೇಕು. ಒಳಗಿನ ಫೈಬರ್ ಗ್ಲಾಸ್ ದಾರಗಳು ಸವೆಯುವುದು ಹೊರಗೆ ಕಾಣುವುದಿಲ್ಲ. ಈಚಿನ ಬೆಲ್ಟ್‌ಗಳ ರಬ್ಬರ್ ಹಿಂದಿನದಕ್ಕಿಂತ ಗಟ್ಟಿ, ಅದಕ್ಕೇ ಕೊನೆವರೆಗೂ ಬಿರುಕಿಲ್ಲದೆ ಹೊಸದರಂತೆ ಕಾಣುತ್ತದೆ. ಕಣ್ಣಿನ ಪರೀಕ್ಷೆ ಬೆಲ್ಟ್ ಕೆಟ್ಟಿದೆ ಅಂತ ಹೇಳಬಲ್ಲದು, ಚೆನ್ನಾಗಿದೆ ಅಂತ ಹೇಳಲಾರದು. ಆರು ವರ್ಷದ ಬೆಲ್ಟ್ ನೋಡಿ "ಇನ್ನೂ ಓಡುತ್ತೆ ಬಿಡಿ" ಅಂದರೆ ಒಪ್ಪಿಕೊಳ್ಳಬೇಡಿ.

ಹಂತ 5: ಸದ್ದು ಮತ್ತು ನಡತೆ

ಬೆಲ್ಟ್ ತಾನಾಗಿ ಹೆಚ್ಚು ಸದ್ದು ಮಾಡುವುದಿಲ್ಲ. ಮಾಡುವುದು ಟೆನ್ಷನರ್ ಮತ್ತು ಐಡ್ಲರ್ (ಬೆಲ್ಟಿಗೆ ದಾರಿ ತೋರುವ ಪುಲ್ಲಿ) ಬೇರಿಂಗ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟೈಮಿಂಗ್ ಕವರ್ ಕಡೆಯಿಂದ ಕುಂಯ್ ಅಂತ ಸಣ್ಣಗೆ ಎಳೆದ ಸದ್ದು ಬಂದು, ಆಕ್ಸಲರೇಟರ್ ಕೊಟ್ಟ ಹಾಗೆ ಅದೂ ಏರಿದರೆ ಬೇರಿಂಗ್ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಆಲ್ಟರ್ನೇಟರ್ ಬೆಲ್ಟ್ ತೆಗೆದು ಒಂದೆರಡು ಕ್ಷಣ ಸ್ಟಾರ್ಟ್ ಮಾಡಿ ನೋಡಿದರೆ ಸದ್ದು ಒಳಗಿನದೋ ಹೊರಗಿನದೋ ಗೊತ್ತಾಗುತ್ತದೆ. ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟನ್ನೂ ಉಜ್ಜಿ ಕತ್ತರಿಸುತ್ತದೆ.

ನಿನ್ನೆವರೆಗೆ ಸರಿಯಾಗಿದ್ದ ಗಾಡಿ ಇಂದು ಇದ್ದಕ್ಕಿದ್ದಂತೆ ಸ್ಟಾರ್ಟ್ ಆಗಲು ಹಠ ಮಾಡುತ್ತಿದೆ, ಐಡ್ಲಿಂಗ್‌ನಲ್ಲಿ ನಡುಗುತ್ತಿದೆ, ಪಿಕಪ್ ಇಲ್ಲ, ಹಳೇ ಡೀಸೆಲ್ ಆದರೆ ಬಿಳಿ ಹೊಗೆ ಬರುತ್ತಿದೆ ಅಂದರೆ ಬೆಲ್ಟ್ ಒಂದು ಹಲ್ಲು ಹಾರಿರಬಹುದು. ಇಂಡಿಕಾದಂಥ ಹಳೇ ಡೀಸೆಲ್‌ಗಳಲ್ಲಿ ಫ್ಯುಯೆಲ್ ಪಂಪ್ ತಿರುಗಿಸುವುದೂ ಇದೇ ಬೆಲ್ಟ್. ಇದಕ್ಕೆಲ್ಲ ಬೇರೆ ಕಾರಣಗಳೂ ಇರುತ್ತವೆ. ಆದರೆ ಹಳೇ ಬೆಲ್ಟಿನ ಕಾರಾದರೆ ಮೊದಲು ಪುಲ್ಲಿಗಳ ಮೇಲಿನ ಟೈಮಿಂಗ್ ಗುರುತು (ವಿವರ ಹಂತ 7ರಲ್ಲಿದೆ) ನೋಡಿಸಿ. ಪ್ಲಗ್, ಫಿಲ್ಟರ್ ಆಮೇಲೆ. ನೋಡಿಸುವ ತನಕ ಓಡಿಸಬೇಡಿ.

ಹಂತ 6: ಬೆಲ್ಟ್ ಜೊತೆ ಏನೇನು ತರಬೇಕು

ಬೆಲ್ಟ್ ಒಂದೇ ಬದಲಿಸಿ ಹಳೇ ಟೆನ್ಷನರ್ ಬಿಡುವುದು ಉಳಿತಾಯ ಅಲ್ಲ. ಬೇರಿಂಗ್‌ಗೂ ಅಷ್ಟೇ ವಯಸ್ಸಾಗಿದೆ. ಟೆನ್ಷನರ್, ಐಡ್ಲರ್ ಇದ್ದರೆ ಅದು, ಕ್ಯಾಮ್ ಮತ್ತು ಕ್ರ್ಯಾಂಕ್ ಮುಂದಿನ ಆಯಿಲ್ ಸೀಲ್‌ಗಳು, ಟೆನ್ಷನರ್ ಸ್ಪ್ರಿಂಗ್ ಸಡಿಲವಾಗಿದ್ದರೆ ಅದೂ. ಸೀಲ್‌ಗಳ ಬೆಲೆ ಕಡಿಮೆ, ಅಲ್ಲಿಗೆ ತಲುಪುವ ಕೂಲಿಯೇ ಜಾಸ್ತಿ. ಹೇಗೂ ಬಿಚ್ಚಿದ್ದಾಗಲೇ ಮುಗಿಸಬೇಕು.

ವಾಟರ್ ಪಂಪ್ ವಿಷಯ ಇಂಜಿನ್ ಮೇಲೆ ನಿಂತಿದೆ. 1.5 ಡಿಸಿಐ, ಫೋಕ್ಸ್‌ವ್ಯಾಗನ್ ಡೀಸೆಲ್‌ಗಳು, ಫಿಗೊ 1.4 ಡೀಸೆಲ್, ಪಾಲಿಯೊ 1.2, ಹಳೇ ಹೋಂಡಾ ಸಿಟಿಗಳಲ್ಲಿ ಪಂಪ್ ತಿರುಗುವುದು ಟೈಮಿಂಗ್ ಬೆಲ್ಟಿನಿಂದಲೇ. ಇವುಗಳಲ್ಲಿ ಪಂಪ್ ಕೂಡ ಬದಲಿಸಿ. ಪಂಪ್ ಸೋರಿದರೆ ಕೂಲೆಂಟ್ ಬೀಳುವುದು ಹೊಸ ಬೆಲ್ಟಿನ ಮೇಲೆಯೇ. ಮಾರುತಿ 800ರಲ್ಲಿ ಪಂಪ್ ಹೊರಗಿನ ಬೆಲ್ಟಿನಿಂದ ತಿರುಗುತ್ತದೆ. ಅಲ್ಲಿ ಪಂಪ್ ಅಲುಗಾಡುತ್ತಿದ್ದರೆ, ಸೋರುತ್ತಿದ್ದರೆ ಮಾತ್ರ ಬದಲಿಸಿದರೆ ಸಾಕು.

ಬಿಡಿಭಾಗದಲ್ಲಿ ಡೂಪ್ಲಿಕೇಟ್ ಹಾವಳಿ ಇದೆ. ಕಂಪನಿಯ ಜೆನ್ಯೂನ್ ಅಥವಾ ಗೇಟ್ಸ್, ಕಾಂಟಿಟೆಕ್, ಡೇಕೊದಂಥ ಹೆಸರಾಂತ ಬೆಲ್ಟ್ ತಗೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಗೊಳ್ಳಿ, ನಿಮ್ಮೂರಿನ ಸ್ಪೇರ್ ಅಂಗಡಿಯಲ್ಲಿ ತಗೊಳ್ಳಿ, ಬಿಲ್ಲು ಮಾತ್ರ ಕೇಳಿ ಪಡೆಯಿರಿ. ಅಂಗಡಿಯಲ್ಲಿ ವರ್ಷಗಟ್ಟಲೆ ಮೊಳೆಗೆ ನೇತುಹಾಕಿದ ಬೆಲ್ಟ್ ಬೇಡ. ಹೊಸ ಬೆಲ್ಟನ್ನು ಹಳೆಯದರ ಪಕ್ಕ ಇಟ್ಟು ಅಗಲ, ಹಲ್ಲಿನ ಸಂಖ್ಯೆ, ಹಲ್ಲಿನ ಆಕಾರ ಮೂರನ್ನೂ ಹೋಲಿಸಿ. ಹಲ್ಲು ಎಣಿಸುವಾಗ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿಕೊಂಡರೆ ಲೆಕ್ಕ ತಪ್ಪುವುದಿಲ್ಲ. ಬೆಲ್ಟನ್ನು ಮಡಚಬಾರದು, ಒಳಹೊರಗು ಮಾಡಬಾರದು, ಬಿಗಿಯಾಗಿ ಸುರುಳಿ ಸುತ್ತಿ ಡಿಕ್ಕಿಯಲ್ಲಿ ತುರುಕಬಾರದು. ಒಳಗಿನ ದಾರ ಮುರಿದರೆ ಹೊರಗೆ ಗೊತ್ತೇ ಆಗುವುದಿಲ್ಲ.

ಹಂತ 7: ಕೆಲಸ ಹೇಗೆ ನಡೆಯಬೇಕು

800ರಂಥ ಒಂದೇ ಕ್ಯಾಮ್‌ನ ಸಣ್ಣ ಪೆಟ್ರೋಲ್ ಇಂಜಿನ್‌ನ ಉದಾಹರಣೆ ತಗೊಳ್ಳುತ್ತೇನೆ. ಸ್ವತಃ ಮಾಡುವವರಿಗೂ, ಮೆಕ್ಯಾನಿಕ್ ಪಕ್ಕ ನಿಂತು ನೋಡುವವರಿಗೂ ಇದೇ ಕ್ರಮ. ಡಿಸಿಐ, ಫೋಕ್ಸ್‌ವ್ಯಾಗನ್ ಥರದ ಡೀಸೆಲ್‌ಗಳಿಗೆ ಕ್ಯಾಮ್, ಕ್ರ್ಯಾಂಕ್ ಲಾಕ್ ಮಾಡುವ ಪಿನ್‌ಗಳ ಕಿಟ್ ಬೇಕು. ಕಿಟ್ ಇಲ್ಲದೆ ಪೇಂಟ್ ಗುರುತಿನ ಮೇಲೆ ಮಾಡುತ್ತೇನೆ ಅನ್ನುವವರ ಹತ್ತಿರ ಆ ಗಾಡಿ ಬಿಡಬೇಡಿ.

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಮುಂದಿನ ಚಕ್ರದ ಕಡೆ ಎತ್ತುವುದಾದರೆ ಜಾಕ್ ಮೇಲೆ ಬಿಡದೆ ಸ್ಟ್ಯಾಂಡ್ ಕೊಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಇಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ಹೊರಗಿನ ಬೆಲ್ಟ್, ಪುಲ್ಲಿಗಳು, ಆಮೇಲೆ ಟೈಮಿಂಗ್ ಕವರ್.

ಹಳೇ ಬೆಲ್ಟ್ ತೆಗೆಯುವ ಮೊದಲೇ ಗುರುತುಗಳನ್ನು ಕೂಡಿಸಬೇಕು. ಕ್ಯಾಮ್ ಪುಲ್ಲಿಯ ಮೇಲೊಂದು ಗುರುತು, ಅದರ ಎದುರು ಹಿಂದಿನ ತಗಡಿನಲ್ಲೋ ಹೆಡ್‌ನಲ್ಲೋ ಒಂದು. ಕ್ರ್ಯಾಂಕ್ ಹಲ್ಲಿನ ಪುಲ್ಲಿಯಲ್ಲೂ ಒಂದು ಚುಕ್ಕಿ, ಅದರ ಎದುರು ಇಂಜಿನ್ ಮೇಲೆ ಬಾಣದ ಗುರುತು. ವರ್ಷಗಳ ಜಿಡ್ಡು ಕೂತಿರುತ್ತದೆ, ಸ್ವಲ್ಪ ಪೆಟ್ರೋಲ್ ಹಾಕಿದ ಬಟ್ಟೆಯಿಂದ ಒರೆಸಿದರೆ ಕಾಣುತ್ತವೆ. ಕ್ರ್ಯಾಂಕ್ ತಿರುಗಿಸಿ ಎರಡೂ ಜೋಡಿ ನೇರ ಬರುವಂತೆ ಮಾಡಿ, ಮೊಬೈಲ್‌ನಲ್ಲಿ ಹತ್ತಿರದಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಇದಾದ ಮೇಲೆ ಹೊಸ ಬೆಲ್ಟ್ ಕೂರುವ ತನಕ ಯಾವುದನ್ನೂ ಅಲುಗಾಡಿಸಬಾರದು.

ಟೆನ್ಷನರ್ ಬೋಲ್ಟ್ ಸಡಿಲಿಸಿ ಬೆಲ್ಟ್ ಹೊರತೆಗೆಯಿರಿ. ಸೀಲ್ ಬದಲಿಸಿ, ಪುಲ್ಲಿಗಳನ್ನು ಒರೆಸಿ, ಹೊಸ ಟೆನ್ಷನರ್ ಕೂರಿಸಿ. ಹೊಸ ಬೆಲ್ಟಿನ ಮೇಲೆ ಬಾಣ ಇದ್ದರೆ ಇಂಜಿನ್ ತಿರುಗುವ ದಿಕ್ಕಿಗೆ ಇರಲಿ. ಟೆನ್ಷನರ್ ಇಲ್ಲದ ಬದಿ ಬಿಗಿಯಾಗಿ ಕೂರಬೇಕು, ಸಡಿಲ ಏನಿದ್ದರೂ ಟೆನ್ಷನರ್ ಕಡೆ ಬರಬೇಕು. ಕೈಯಲ್ಲೇ ತಳ್ಳಿ ಕೂರಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬೆಲ್ಟಿಗೆ ಆಗಲೇ ಗಾಯ.

ಆಮೇಲೆ ಸ್ಪ್ರಿಂಗ್ ತಾನೇ ಎಳೆದುಕೊಳ್ಳಲು ಬಿಟ್ಟು, ಕ್ರ್ಯಾಂಕನ್ನು ಸ್ಪ್ಯಾನರ್‌ನಿಂದ ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸಿ. ಎರಡು ಯಾಕೆಂದರೆ ಕ್ಯಾಮ್ ಒಂದು ಪೂರ್ತಿ ಸುತ್ತು ಮುಗಿಸುವುದು ಆಗಲೇ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ವಾಲ್ವ್ ಪಿಸ್ಟನ್‌ಗೆ ತಾಗುತ್ತಿರಬಹುದು, ಗುರುತು ಮತ್ತೆ ನೋಡಿ. ಎರಡು ಸುತ್ತು ಸಲೀಸಾಗಿ ಆಗಿ, ಗುರುತುಗಳು ಮತ್ತೆ ನೇರ ಬಂದರೆ ಟೆನ್ಷನರ್ ಬೋಲ್ಟನ್ನು ಟಾರ್ಕ್ ರೆಂಚ್‌ನಿಂದ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ಬಿಗಿ ಮಾಡಿ. ಒಂದು ಹಲ್ಲು ಆಚೀಚೆ ಇದ್ದರೂ ಬಿಚ್ಚಿ ಮತ್ತೆ ಹಾಕಬೇಕು. ಈ ಎರಡು ಸುತ್ತಿನ ಪರೀಕ್ಷೆ ಬಿಟ್ಟು ನೇರವಾಗಿ ಕೀ ತಿರುಗಿಸುವ ಆತುರ ಗ್ಯಾರೇಜುಗಳಲ್ಲಿ ಇದೆ. ನೀವು ಪಕ್ಕದಲ್ಲಿದ್ದರೆ ಇದೊಂದನ್ನು ಕೇಳಿ ಮಾಡಿಸಿ.

ತುಂಬ ಬಿಗಿ ಮಾಡುವುದೂ ತಪ್ಪು. ಬೇರಿಂಗ್ ಕಿರುಚುತ್ತದೆ, ಬೆಲ್ಟ್ ಬೇಗ ಹೋಗುತ್ತದೆ. ಒಂದೇ ಸಲ ಬಳಸುವ ಬೋಲ್ಟ್‌ಗಳು ಕೆಲವು ಇಂಜಿನ್‌ಗಳಲ್ಲಿ ಇರುತ್ತವೆ. ಅವನ್ನು ಹೊಸದೇ ಹಾಕಬೇಕು. ಕವರ್ ಮತ್ತು ಅದರ ರಬ್ಬರ್ ಅಂಚು ಸರಿಯಾಗಿ ಕೂರಲಿ. ಒಡೆದ ಕವರ್ ಬದಲಿಸಿ, ಧೂಳು ಕಲ್ಲು ಒಳಗೆ ಹೋಗುವುದು ಅಲ್ಲಿಂದಲೇ.

ಸಣ್ಣ ಕಾರಿಗೆ ಇದು ಅರ್ಧ ದಿನದ ಕೆಲಸ. ಹಳೇ ಬೆಲ್ಟನ್ನೂ ಟೆನ್ಷನರನ್ನೂ ಕೇಳಿ ತಗೊಳ್ಳಿ, ಬದಲಾಗಿದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ತಾರೀಖು ಮತ್ತು ಕಿಲೋಮೀಟರ್ ಎರಡನ್ನೂ ಸ್ಟಿಕ್ಕರ್ ಮೇಲೆ ಬರೆದು ಅಂಟಿಸಿ, ಬಿಲ್ಲಿನ ಫೋಟೊ ಫೋನಿನಲ್ಲಿ ಇರಲಿ. ಹದಿನೈದು ವರ್ಷಕ್ಕೆ ಆರ್‌ಸಿ ನವೀಕರಿಸಿದರೆ ಮುಂದೆ 5 ವರ್ಷ ಸಿಗುತ್ತದೆ. ಆ ಹೊತ್ತಿಗೇ ಬೆಲ್ಟ್ ಹಾಕಿಸಿದರೆ ಎರಡರ ವಾಯಿದೆಯೂ ಜೊತೆಗೇ ನಡೆಯುತ್ತದೆ, ನೆನಪಿಡುವುದೂ ಸುಲಭ.

ದಾರಿಯಲ್ಲೇ ಕಟ್ ಆದರೆ

ಶಿರಾಡಿ ಘಾಟಿಯಂಥ ಇಳಿಜಾರಿನಲ್ಲಿ ಆಯಿತು ಅಂದುಕೊಳ್ಳಿ. ಇಂಜಿನ್ ಒಮ್ಮೆಲೇ ಸಾಯುತ್ತದೆ. ಕ್ಲಚ್ ಒತ್ತಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ಕೀ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ. ಬ್ರೇಕ್ ಬೂಸ್ಟರ್‌ನಲ್ಲಿ ಉಳಿದಿರುವುದು ಒಂದೆರಡು ಸಲಕ್ಕಾಗುವಷ್ಟು ಮಾತ್ರ. ಬಿಟ್ಟು ಬಿಟ್ಟು ಒತ್ತದೆ ಒಂದೇ ಸಮನೆ ಒತ್ತಿ ಹಿಡಿಯಿರಿ. ಪವರ್ ಸ್ಟೇರಿಂಗ್ ಇದ್ದರೆ ಭಾರವಾಗುತ್ತದೆ, ಗಾಬರಿಯಾಗಬೇಡಿ. ಹಜಾರ್ಡ್ ಲೈಟ್ ಹಾಕಿ ಎಡಕ್ಕೆ ತನ್ನಿ.

ನಿಂತ ಮೇಲೆ ಒಮ್ಮೆ, ಒಂದೇ ಕ್ಷಣ ಸೆಲ್ಫ್ ಹೊಡೆದಾಗ ಇಂಜಿನ್ ಎಂದಿಗಿಂತ ಹಗುರವಾಗಿ, ತಡೆಯೇ ಇಲ್ಲದೆ ಗಿರ್ ಅಂತ ತಿರುಗಿದರೆ ಬೆಲ್ಟ್ ಹೋಗಿದೆ ಅಂತ ತಿಳಿಯಿರಿ. ಅಲ್ಲಿಗೆ ನಿಲ್ಲಿಸಿ. ಸಹಾಯಕ್ಕೆ ಬಂದವರು "ತಳ್ಳಿ ಸ್ಟಾರ್ಟ್ ಮಾಡೋಣ ಅಣ್ಣ" ಅಂತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೂ ಬೇಡ. ಗೇರ್‌ನಲ್ಲಿ ತಳ್ಳಿದಷ್ಟೂ ಪಿಸ್ಟನ್ ವಾಲ್ವ್‌ಗೆ ಹೊಡೆಯುತ್ತದೆ. ಹಗ್ಗ ಕಟ್ಟಿ ಎಳೆಸಿದರೂ ಗೇರ್ ನ್ಯೂಟ್ರಲ್‌ನಲ್ಲೇ ಇರಲಿ.

ಗ್ಯಾರೇಜಿನಲ್ಲಿ ಕೂಡಲೇ ಹೆಡ್ ಇಳಿಸಲು ಒಪ್ಪಬೇಡಿ. ಸುಮ್ನೆ ಹೊಸ ಬೆಲ್ಟ್ ಹಾಕಿ ಸ್ಟಾರ್ಟ್ ಮಾಡಲೂ ಬಿಡಬೇಡಿ. ಬೆಲ್ಟ್ ಕೂರಿಸಿ, ಟೈಮಿಂಗ್ ಹೊಂದಿಸಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಆಮೇಲೆ ಪ್ರತಿ ಸಿಲಿಂಡರ್‌ನ ಕಂಪ್ರೆಷನ್ ಅಳತೆ ಮಾಡಿಸಿ. ಎಲ್ಲಾ ಸಿಲಿಂಡರ್‌ಗಳಲ್ಲೂ ಹೆಚ್ಚುಕಮ್ಮಿ ಒಂದೇ ಸಮ ಬಂದರೆ ವಾಲ್ವ್ ಉಳಿದಿವೆ, ಸ್ಟಾರ್ಟ್ ಮಾಡಬಹುದು. ಒಂದೆರಡರಲ್ಲಿ ಏನೂ ಇಲ್ಲ ಅಂದರೆ ಆಗ ಹೆಡ್ ಇಳಿಸಲೇಬೇಕು. ವಾಲ್ವ್, ಗೈಡ್, ಹೆಡ್ ಗ್ಯಾಸ್ಕೆಟ್, ಲೇತ್ ಕೆಲಸ, ಎಲ್ಲದರ ಅಂದಾಜು ಪಟ್ಟಿ ಮೊದಲೇ ಬರೆಸಿಕೊಳ್ಳಿ. ಪಿಸ್ಟನ್ ತಲೆಯ ಮೇಲೆ ಎಷ್ಟು ಗಾಯವಾಗಿದೆ ಅಂತ ಜೋಡಿಸುವ ಮೊದಲು ನೀವೇ ಹೋಗಿ ಕಣ್ಣಾರೆ ನೋಡಿ.